ಎಕ್ಸೆಕ್ ಇಲ್ಲದೆಯೂ ಪುಟದೊಳಗೆ ಸ್ಕ್ರಿಪ್ಟ್ ಓಡಿಸಬಹುದು

ಪ್ರಶ್ನೆ: ನಮ್ಮ ತಾಲ್ಲೂಕಿನ ಒಂದು ವಾಚನಾಲಯದ ಜಾಲತಾಣವನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದೇನೆ. ನೂರಕ್ಕೂ ಹೆಚ್ಚು ಪುಟಗಳಿವೆ, ಎಲ್ಲವೂ ಕೈಯಲ್ಲಿ ಬರೆದ ಎಚ್‌ಟಿಎಂಎಲ್. ಪ್ರತಿ ಪುಟದಲ್ಲೂ ಇಂದಿನ ದಿನಾಂಕ ಮತ್ತು ವಾರ ಕನ್ನಡದಲ್ಲಿ ಕಾಣಬೇಕು, ಹೊಸದಾಗಿ ಬಂದ ಪುಸ್ತಕಗಳ ಪಟ್ಟಿ ಇರಬೇಕು, ಭೇಟಿ ಕೊಟ್ಟವರ ಎಣಿಕೆಯೂ ಇರಬೇಕು ಎಂದು ಸಮಿತಿಯವರ ಆಸೆ. ಪುಸ್ತಕಗಳ ವಿವರ ಒಂದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಫೈಲ್‌ನಲ್ಲಿದೆ. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರಡು ಸಣ್ಣ ಸ್ಕ್ರಿಪ್ಟ್ ಬರೆದು, ಸರ್ವರ್ ಸೈಡ್ ಇನ್‌ಕ್ಲೂಡ್‌ನ, ಅಂದರೆ ಪುಟ ಕಳಿಸುವ ಮೊದಲು ಸರ್ವರ್ ಅದರೊಳಗೆ ಬೇರೆ ತುಣುಕು ಸೇರಿಸುವ ವ್ಯವಸ್ಥೆಯ, ಎಕ್ಸೆಕ್ (ಪ್ರೋಗ್ರಾಂ ಓಡಿಸುವ) ಆಜ್ಞೆಯಿಂದ ಪುಟಕ್ಕೆ ಸೇರಿಸಿದೆ. ಪಟ್ಟಿ ಬರಬೇಕಾದ ಜಾಗದಲ್ಲಿ ಚೌಕ ಆವರಣದೊಳಗೆ ಒಂದು ಇಂಗ್ಲಿಷ್ ದೋಷ ಸಂದೇಶ ಬರುತ್ತಿದೆ. ಹೋಸ್ಟಿಂಗ್‌ನವರು 'ಎಕ್ಸೆಕ್ ಸೌಲಭ್ಯ ಕೊಡುವುದಿಲ್ಲ' ಎಂದರು. ಸರ್ವರ್ ತಂತ್ರಾಂಶ ಅಪಾಚೆ 2.4. ಎಲ್ಲವನ್ನೂ ಬಿಟ್ಟು ಪಿಎಚ್‌ಪಿಗೋ ವರ್ಡ್‌ಪ್ರೆಸ್‌ಗೋ ಹೋಗಬೇಕೇ?

ಉತ್ತರ: ಹೋಗಬೇಕಾಗಿಲ್ಲ. ಎಕ್ಸೆಕ್ ಕೊಡದೆ ಹೋಸ್ಟಿಂಗ್‌ನವರು ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ, ಅದಿಲ್ಲದೆಯೂ ನಿಮ್ಮ ಮೂರೂ ಬೇಡಿಕೆಗಳು ಈಡೇರುತ್ತವೆ. ಆದರೆ ಸ್ಕ್ರಿಪ್ಟ್ ಓಡಿಸುವ ದಾರಿಯನ್ನು ಹೇಳುವ ಮೊದಲೇ ಒಂದು ಮಾತನ್ನು ನಿಮ್ಮ ಮುಂದಿಡುತ್ತೇನೆ: ಯಾರೋ ಪುಟ ತೆರೆದರೆಂಬ ಕಾರಣಕ್ಕೆ ಸ್ಕ್ರಿಪ್ಟ್ ಓಡಬೇಕಾಗಿಲ್ಲ, ಮಾಹಿತಿ ಬದಲಾದಾಗ ಓಡಿದರೆ ಸಾಕು. ನಿಮ್ಮ ಪುಸ್ತಕ ಪಟ್ಟಿ ಬದಲಾಗುವುದು ಹೊಸ ಪುಸ್ತಕ ಬಂದಾಗ. ದಿನಾಂಕ ಬದಲಾಗುವುದು ನಡುರಾತ್ರಿಯಲ್ಲಿ. ಹಾಗಿರುವಾಗ ಪ್ರತಿ ಓದುಗರಿಗಾಗಿ, ಪ್ರತಿ ಪುಟಕ್ಕಾಗಿ ಪರ್ಲ್ ಅನ್ನು ಎಬ್ಬಿಸುವುದು ಯಾಕೆ? ಈ ಪ್ರಶ್ನೆಯನ್ನು ಇಟ್ಟುಕೊಂಡೇ ಮುಂದಿನದನ್ನು ಓದಿ.

ಮೊದಲು ದೋಷದ ವಿಷಯ. ಸರ್ವರ್ ಸೈಡ್ ಇನ್‌ಕ್ಲೂಡ್ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂಬುದನ್ನು ಬ್ರೌಸರ್‌ನಲ್ಲಿ ಪುಟದ ಮೂಲ ತೆರೆದು ನೋಡಿದರೆ ಬಹುಪಾಲು ತಿಳಿಯುತ್ತದೆ. ನೀವು ಬರೆದ ಆಜ್ಞೆ ಬರೆದ ಹಾಗೆಯೇ ಅಲ್ಲಿ ಕಂಡರೆ, ಸರ್ವರ್ ಆ ಫೈಲ್ ಅನ್ನು ಓದಿ ನೋಡಿಯೇ ಇಲ್ಲ, ಸುಮ್ಮನೆ ದಾಟಿಸಿದೆ ಎಂದರ್ಥ. ಆಗ ತಪ್ಪು ಸಂರಚನೆಯಲ್ಲಿದೆ, ಇಲ್ಲವೇ ಆಜ್ಞೆಯ ಆರಂಭದ ಬರಹದಲ್ಲಿದೆ. ಚೌಕ ಆವರಣದ ಸಂದೇಶ ಬಂದರೆ ಸರ್ವರ್ ಆಜ್ಞೆಯನ್ನು ಗುರುತಿಸಿದೆ, ಆದರೆ ನಡೆಸಲು ಆಗಿಲ್ಲ, ಇಲ್ಲವೇ ನಡೆಸಲು ಅದಕ್ಕೆ ಅನುಮತಿಯಿಲ್ಲ. ನಿಮ್ಮದು ಈ ಎರಡನೆಯ ಬಗೆ. ಆ ಸಂದೇಶ ಎಲ್ಲ ತಪ್ಪಿಗೂ ಒಂದೇ. 'ಈ ಆಜ್ಞೆಯನ್ನು ನಡೆಸುವಾಗ ದೋಷವಾಯಿತು' ಎನ್ನುವುದಕ್ಕಿಂತ ಹೆಚ್ಚನ್ನು ಅದು ಹೇಳುವುದಿಲ್ಲ. ನಿಜವಾದ ಕಾರಣ ಸರ್ವರ್‌ನ ಎರರ್ ಲಾಗ್‌ನಲ್ಲಿ ಇರುತ್ತದೆ. ಹೋಸ್ಟಿಂಗ್ ನಿಯಂತ್ರಣ ಫಲಕದಲ್ಲಿ ಲಾಗ್ ಎಲ್ಲಿ ಸಿಗುತ್ತದೆ ಎಂದು ಇವತ್ತೇ ಹುಡುಕಿಟ್ಟುಕೊಳ್ಳಿ. ಎಕ್ಸೆಕ್‌ಗೆ ಅನುಮತಿಯಿಲ್ಲ, ಸ್ಕ್ರಿಪ್ಟ್ ಸಿಗಲಿಲ್ಲ, ಹೆಡರ್ (ಉತ್ತರದ ಆರಂಭದಲ್ಲಿ ಬರುವ ಮಾಹಿತಿ ಸಾಲುಗಳು) ಬರುವ ಮೊದಲೇ ಸ್ಕ್ರಿಪ್ಟ್ ಮುಗಿದುಹೋಯಿತು: ಇವೆಲ್ಲ ಬೇರೆ ಬೇರೆ ಸಾಲುಗಳಾಗಿ ಅಲ್ಲಿ ದಾಖಲಾಗಿರುತ್ತವೆ.

ಇನ್ನು ಮುಂದೆ ಆಜ್ಞೆಗಳನ್ನೂ ಫೈಲ್ ಹೆಸರುಗಳನ್ನೂ ಓದಲು ಅನುಕೂಲವಾಗಲೆಂದು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲೇ ಕೊಡುತ್ತೇನೆ. ಫೈಲ್‌ನಲ್ಲಿ ಬರೆಯುವಾಗ ಅವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಚಿಹ್ನೆಗಳು ಮಾತ್ರ ಇಲ್ಲಿರುವಂತೆಯೇ.

ಈ ತಂತ್ರ ಹುಟ್ಟಿದ್ದು ವೆಬ್‌ನ ಮೊದಲ ವರ್ಷಗಳಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದ ಸರ್ವರ್ ತಂತ್ರಾಂಶದಲ್ಲಿ. ಆ ತಂತ್ರಾಂಶಕ್ಕೆ ಬಳಕೆದಾರರು ಹಾಕಿದ ತೇಪೆಗಳೇ ಒಟ್ಟಾಗಿ 1995ರಲ್ಲಿ ಅಪಾಚೆ ಆಯಿತು. ಅಲ್ಲಿಂದ ಬಂದ ಆಜ್ಞೆಗಳನ್ನು ಅಪಾಚೆಯ ಮಾಡ್_ಇನ್‌ಕ್ಲೂಡ್ ಎಂಬ ಮಾಡ್ಯೂಲ್ ಇಂದಿಗೂ ಅರ್ಥಮಾಡಿಕೊಳ್ಳುತ್ತದೆ. ಆಜ್ಞೆ ಎಚ್‌ಟಿಎಂಎಲ್ ಟಿಪ್ಪಣಿಯ ವೇಷದಲ್ಲಿ ಇರುವುದರಿಂದ ಸರ್ವರ್ ಅದನ್ನು ಗಮನಿಸದೆ ಬಿಟ್ಟರೂ ಓದುಗರ ಕಣ್ಣಿಗೆ ಏನೂ ಬೀಳುವುದಿಲ್ಲ. ನಿಮಗೆ ಬೇಕಾದ ಮುಖ್ಯ ಆಜ್ಞೆ ಇದು:

<!--#ಇನ್‌ಕ್ಲೂಡ್ ವರ್ಚುಯಲ್="/ಸಿಜಿಐ-ಬಿನ್/ಪಟ್ಟಿ.ಪಿಎಲ್" -->

ಇದರಲ್ಲಿ ಎರಡು ಖಾಲಿ ಜಾಗಗಳ ಬಗ್ಗೆ ಎಚ್ಚರವಿರಲಿ. ಆರಂಭದ ಅಡ್ಡಗೆರೆಗಳಿಗೂ ಹ್ಯಾಶ್ ಚಿಹ್ನೆಗೂ ನಡುವೆ ಜಾಗ ಬಿಡಬಾರದು. ಬಿಟ್ಟರೆ ಅದು ಬರೀ ಟಿಪ್ಪಣಿ. ಕೊನೆಯ ಉದ್ಧರಣ ಚಿಹ್ನೆಗೂ ಮುಚ್ಚುವ ಅಡ್ಡಗೆರೆಗಳಿಗೂ ನಡುವೆ ಜಾಗ ಇರಲೇಬೇಕು. ಇದು ಇಲ್ಲದಿದ್ದರೆ ಅಡ್ಡಗೆರೆಗಳು ಆಜ್ಞೆಯ ಭಾಗವೇ ಆಗಿಬಿಡುವ ಸಂಭವವಿದೆ.

ಎಕ್ಸೆಕ್‌ಗೂ ಇದಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಸಮಸ್ಯೆಯ ತಿರುಳು. ಎಕ್ಸೆಕ್‌ಗೆ ಎರಡು ರೂಪಗಳಿವೆ. ಸಿಎಂಡಿ ರೂಪವು ನೀವು ಬರೆದ ಸಾಲನ್ನು ನೇರವಾಗಿ ಸರ್ವರ್‌ನ ಶೆಲ್‌ಗೆ, ಅಂದರೆ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಂಗೆ, ಕೊಡುತ್ತದೆ. ಶೆಲ್ ಮಾಡಬಲ್ಲದ್ದನ್ನೆಲ್ಲ ಅದು ಮಾಡಬಲ್ಲದು, ಫೈಲ್ ಅಳಿಸುವುದೂ ಸೇರಿದಂತೆ. ಸಿಜಿಐ ರೂಪವು ಒಂದು ಸಿಜಿಐ ಸ್ಕ್ರಿಪ್ಟ್ ಅನ್ನು, ಅಂದರೆ ತನ್ನ ಫಲವನ್ನು ಸರ್ವರ್ ಮೂಲಕ ಉತ್ತರವಾಗಿ ಕಳಿಸುವ ಪ್ರೋಗ್ರಾಂ ಅನ್ನು, ಓಡಿಸುತ್ತದೆ. ಇನ್‌ಕ್ಲೂಡ್ ವರ್ಚುಯಲ್ ಮಾಡುವುದು ಬೇರೆ. ಅದು ಅದೇ ಸರ್ವರ್‌ನ ಇನ್ನೊಂದು ವಿಳಾಸಕ್ಕೆ ಒಳಗಿಂದೊಳಗೇ ಒಂದು ಉಪವಿನಂತಿ ಕಳುಹಿಸಿ, ಬಂದ ಉತ್ತರವನ್ನು ಪುಟದಲ್ಲಿ ಅಲ್ಲೇ ಇಡುತ್ತದೆ. ವಿಳಾಸ ಫೈಲ್‌ನದ್ದಾದರೆ ಫೈಲ್ ಬರುತ್ತದೆ, ಸ್ಕ್ರಿಪ್ಟ್‌ನದ್ದಾದರೆ ಸ್ಕ್ರಿಪ್ಟ್ ಓಡಿ ಅದರ ಫಲ ಬರುತ್ತದೆ. ಹೊರಗಿನವರು ಬ್ರೌಸರ್‌ನಲ್ಲಿ ತೆರೆಯಬಹುದಾದದ್ದನ್ನಷ್ಟೇ ಪುಟವೂ ತೆರೆಯುತ್ತದೆ. ಅಧಿಕಾರ ಅಲ್ಲಿಗೆ ನಿಲ್ಲುತ್ತದೆ. ಆದ್ದರಿಂದಲೇ ಅಪಾಚೆಯಲ್ಲಿ ಇನ್‌ಕ್ಲೂಡ್ಸ್‌ನೋಎಕ್ಸೆಕ್ ಎಂಬ ಆಯ್ಕೆ ಇದೆ. ಅದು ಎಕ್ಸೆಕ್‌ನ ಎರಡೂ ರೂಪಗಳನ್ನು ಮುಚ್ಚುತ್ತದೆ, ಆದರೆ ಸ್ಕ್ರಿಪ್ಟ್‌ಗಳಿಗೆಂದೇ ಗೊತ್ತುಪಡಿಸಿದ ಫೋಲ್ಡರ್‌ನಲ್ಲಿರುವ, ಅಂದರೆ ಸಾಮಾನ್ಯವಾಗಿ ಸಿಜಿಐ-ಬಿನ್‌ನಲ್ಲಿರುವ ಸ್ಕ್ರಿಪ್ಟ್‌ಗಳನ್ನು ಇನ್‌ಕ್ಲೂಡ್ ವರ್ಚುಯಲ್ ಮೂಲಕ ಕರೆಯಲು ಬಿಡುತ್ತದೆ. ನಿಮ್ಮ ಹೋಸ್ಟಿಂಗ್‌ನವರು ಮಾಡಿರುವುದು ಬಹುತೇಕ ಇದನ್ನೇ. ಎಕ್ಸೆಕ್ ಸಾಲನ್ನು ತೆಗೆದು ಮೇಲಿನ ಸಾಲು ಹಾಕಿ ನೋಡಿ. ಸ್ಕ್ರಿಪ್ಟ್ ಸಿಜಿಐ ರೂಪಕ್ಕೆಂದೇ ಬರೆದದ್ದಾದರೆ ಅದರಲ್ಲಿ ಒಂದಕ್ಷರವನ್ನೂ ಬದಲಿಸುವ ಅಗತ್ಯವಿಲ್ಲ.

ಅಕ್ಸೆಸ್ ಫೈಲ್‌ನಲ್ಲಿ, ಅಂದರೆ ಚುಕ್ಕೆಯಿಂದ ಶುರುವಾಗುವ ಎಚ್‌ಟಿಅಕ್ಸೆಸ್‌ನಲ್ಲಿ ಈ ಸಾಲುಗಳಿರಲಿ:

ಆಪ್ಷನ್ಸ್ +ಇನ್‌ಕ್ಲೂಡ್ಸ್‌ನೋಎಕ್ಸೆಕ್
ಆಡ್‌ಔಟ್‌ಪುಟ್‌ಫಿಲ್ಟರ್ ಇನ್‌ಕ್ಲೂಡ್ಸ್ .ಎಚ್‌ಟಿಎಂಎಲ್
ಆಡ್‌ಡಿಫಾಲ್ಟ್‌ಚಾರ್‌ಸೆಟ್ ಯುಟಿಎಫ್-8

ಮೊದಲ ಸಾಲಿನ ಕೂಡು ಚಿಹ್ನೆ ಬಿಟ್ಟರೆ ಅದಕ್ಕೂ ಮೊದಲು ಸಿಕ್ಕಿದ್ದ ಉಳಿದ ಆಯ್ಕೆಗಳೆಲ್ಲ ರದ್ದಾಗುತ್ತವೆ. ನೋಎಕ್ಸೆಕ್ ಬಿಟ್ಟು ಬರೀ ಇನ್‌ಕ್ಲೂಡ್ಸ್ ಎಂದು ಬರೆದರೆ, ಹೋಸ್ಟಿಂಗ್‌ನವರು ಆ ಆಯ್ಕೆಯನ್ನು ಬಿಟ್ಟುಕೊಟ್ಟಿಲ್ಲವಾದರೆ ಇಡೀ ತಾಣ 500 ದೋಷ (ಸರ್ವರ್‌ನ ಒಳದೋಷ) ತೋರಿಸುತ್ತದೆ. ಎರಡನೆಯ ಸಾಲನ್ನು ನೋಡಿ ಕೆಲವರು ಹುಬ್ಬೇರಿಸುತ್ತಾರೆ. ಇಂಥ ಪುಟಗಳಿಗೆ ಎಸ್‌ಎಚ್‌ಟಿಎಂಎಲ್ ಎಂಬ ಬೇರೆ ಬಾಲವನ್ನೇ (ಫೈಲ್ ಹೆಸರಿನ ಚುಕ್ಕೆಯ ನಂತರದ ಭಾಗವನ್ನೇ) ಕೊಡಬೇಕು, ಎಲ್ಲ ಎಚ್‌ಟಿಎಂಎಲ್ ಪುಟಗಳನ್ನೂ ಸರ್ವರ್ ಓದುವಂತೆ ಮಾಡಿದರೆ ವೇಗ ತಗ್ಗುತ್ತದೆ ಎಂಬ ಸಲಹೆ ಬಹಳ ಹಿಂದಿನಿಂದ ಇದೆ. ಆಜ್ಞೆ ಇಲ್ಲದ ಪುಟಗಳೇ ಹೆಚ್ಚಿದ್ದ ಕಡೆ ಅದು ಸರಿ. ನಿಮ್ಮಲ್ಲಿ ಎಲ್ಲ ಪುಟಗಳಿಗೂ ಆಜ್ಞೆ ಬೇಕು, ಅಲ್ಲದೆ ಪುಟದ ಬಾಲ ಬದಲಾದರೆ ಹೊರಗಿನವರು ಇಟ್ಟುಕೊಂಡಿರುವ ಕೊಂಡಿಗಳೆಲ್ಲ ಮುರಿಯುತ್ತವೆ. ವಾಚನಾಲಯದ ವಿಳಾಸಗಳು ವರ್ಷಗಟ್ಟಲೆ ಒಂದೇ ಇರಬೇಕು. ಆ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಈಗ ಸ್ಕ್ರಿಪ್ಟ್ ಕಡೆ. ಇನ್‌ಕ್ಲೂಡ್ ಬದಲಿಸಿದ ಮೇಲೂ ಕೆಲಸ ಮಾಡದಿದ್ದರೆ ಮೊದಲು ಸ್ಕ್ರಿಪ್ಟ್‌ನ ವಿಳಾಸವನ್ನು ಬ್ರೌಸರ್‌ನಲ್ಲಿ ನೇರವಾಗಿ ತೆರೆದು ನೋಡಿ. ಅಲ್ಲಿ ಓಡದ್ದು ಪುಟದೊಳಗೂ ಓಡುವುದಿಲ್ಲ. ಅಲ್ಲಿ 500 ದೋಷ ಬಂದರೆ ಕಾರಣ ಸಾಮಾನ್ಯವಾಗಿ ಇವುಗಳಲ್ಲಿ ಒಂದು: ಫೈಲ್‌ಗೆ ಓಡುವ ಅನುಮತಿ, ಅಂದರೆ 755, ಕೊಟ್ಟಿಲ್ಲ, ಕಂಟೆಂಟ್-ಟೈಪ್ ಸಾಲಿನ ನಂತರ ಖಾಲಿ ಸಾಲು ಮುದ್ರಿಸಿಲ್ಲ, ಇಲ್ಲವೇ ಫೈಲ್ ಅನ್ನು ವಿಂಡೋಸ್‌ನಲ್ಲಿ ಬರೆದು ಹಾಗೆಯೇ ಏರಿಸಿದ್ದೀರಿ. ಮೂರನೆಯದು ಕಣ್ಣಿಗೆ ಕಾಣದು. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಒಂದು ಅಕ್ಷರವನ್ನು ಹೆಚ್ಚಾಗಿ ಸೇರಿಸುತ್ತದೆ. ಮೊದಲ ಸಾಲಿನಲ್ಲಿ ನೀವು ಪರ್ಲ್‌ನ ಜಾಗವನ್ನು ಸರಿಯಾಗಿಯೇ ಬರೆದಿದ್ದರೂ ಲಿನಕ್ಸ್ ಆ ಹೆಚ್ಚುವರಿ ಅಕ್ಷರವನ್ನೂ ಹೆಸರಿನ ಭಾಗವೆಂದು ತಿಳಿದು, ಅಂಥ ಪ್ರೋಗ್ರಾಂ ಇಲ್ಲ ಎನ್ನುತ್ತದೆ. ಸಾಲಿನ ಕೊನೆಯನ್ನು ಯುನಿಕ್ಸ್ ಮಾದರಿಗೆ ಬದಲಿಸಿ ಉಳಿಸುವ ಸೌಲಭ್ಯ ಯಾವುದೇ ಒಳ್ಳೆಯ ಎಡಿಟರ್‌ನಲ್ಲಿರುತ್ತದೆ.

ನೇರವಾಗಿ ತೆರೆದಾಗ ಓಡಿ, ಪುಟದೊಳಗೆ ಬೇರೆಯಾಗಿ ವರ್ತಿಸುವ ಸಂದರ್ಭಗಳೂ ಇವೆ. ಸೇರಿಸಲಾದ ಸ್ಕ್ರಿಪ್ಟ್ ಕಳಿಸುವ ಹೆಡರ್‌ಗಳು ಓದುಗರ ಬ್ರೌಸರ್‌ವರೆಗೆ ಹೋಗುವುದಿಲ್ಲ, ಆದ್ದರಿಂದ ಅದರ ಮೂಲಕ ಕುಕಿ ಇಡಲಾಗದು. ಬೇರೆ ಪುಟಕ್ಕೆ ಕಳುಹಿಸಲು ಹೋದರೂ ಓದುಗರು ಅತ್ತ ಹೋಗುವುದಿಲ್ಲ. ಉಪವಿನಂತಿ ಯಾವಾಗಲೂ ಗೆಟ್ ವಿಧಾನದ್ದು. ಫಾರ್ಮ್‌ನಿಂದ ಪೋಸ್ಟ್ ಮಾಡಿದ ಮಾಹಿತಿ ಒಳಗಿನ ಸ್ಕ್ರಿಪ್ಟ್‌ಗೆ ತಲುಪುವುದಿಲ್ಲ. ವಿಳಾಸದ ಪ್ರಶ್ನೆ ಚಿಹ್ನೆಯ ನಂತರದ ಭಾಗ ಬೇಕಿದ್ದರೆ ಅದನ್ನು ವರ್ಚುಯಲ್‌ನಲ್ಲಿ ನೀವೇ ಬರೆದು ಕೊಡಬೇಕು. ಹಾಗೆ ಕೊಡಲು ಬರುವುದೇ ಎಕ್ಸೆಕ್ ಸಿಜಿಐಗಿಂತ ವರ್ಚುಯಲ್‌ನ ಇನ್ನೊಂದು ಹೆಚ್ಚುಗಾರಿಕೆ. ಯಾವ ಪುಟದಿಂದ ಕರೆ ಬಂತು ಎಂದು ಸ್ಕ್ರಿಪ್ಟ್ ತಿಳಿಯಬೇಕಾದರೆ ಡಾಕ್ಯುಮೆಂಟ್_ಯುಆರ್‌ಐ ಎಂಬ ಪರಿಸರ ಚರವನ್ನು ಓದಲಿ, ಅದರಲ್ಲಿ ಹೊರಗಿನ ಪುಟದ ವಿಳಾಸ ಇರುತ್ತದೆ. ಇನ್ನೊಂದು: ತುಣುಕಿನೊಳಗಿನ ಚಿತ್ರ, ಕೊಂಡಿಗಳ ವಿಳಾಸಗಳನ್ನು ಓರೆಗೆರೆಯಿಂದಲೇ ಶುರುಮಾಡಿ. ಇಲ್ಲವಾದರೆ ಮುಖಪುಟದಲ್ಲಿ ಕಂಡ ಚಿತ್ರ ಒಳಗಿನ ಫೋಲ್ಡರ್‌ನ ಪುಟಗಳಲ್ಲಿ ಕಾಣೆಯಾಗುತ್ತದೆ.

ಇಷ್ಟಕ್ಕೆ ನಿಮ್ಮ ಪುಟಗಳು ನಡೆಯುತ್ತವೆ. ಆದರೂ ಪುಸ್ತಕದ ಪಟ್ಟಿಗೆ ಈ ದಾರಿ ಬೇಡ ಎಂದೇ ನನ್ನ ಸಲಹೆ. ಸಿಜಿಐ ಎಂದರೆ ಪ್ರತಿ ಕರೆಗೂ ಹೊಸದೊಂದು ಪ್ರಕ್ರಿಯೆ. ಪರ್ಲ್ ಏಳಬೇಕು, ಸ್ಕ್ರಿಪ್ಟ್ ಓದಬೇಕು, ಸಿಎಸ್‌ವಿ ತೆರೆಯಬೇಕು, ಪಟ್ಟಿ ಕಟ್ಟಬೇಕು, ಸಾಯಬೇಕು. ಪ್ರತಿ ಪುಟದಲ್ಲಿ ಇಂಥ ಮೂರು ಕರೆಗಳಿದ್ದು, ಒಂದು ಹುಡುಕಾಟ ಯಂತ್ರ ನಿಮ್ಮ ನೂರು ಪುಟಗಳನ್ನೂ ಒಂದೇ ಸಮನೆ ಓದಲು ಬಂದರೆ ಮುನ್ನೂರು ಪ್ರಕ್ರಿಯೆಗಳು. ಹಂಚಿಕೊಂಡ ಹೋಸ್ಟಿಂಗ್‌ನಲ್ಲಿ ಇದಕ್ಕೆ ಮಿತಿ ಇರುತ್ತದೆ, ಮಿತಿ ಮೀರಿದಾಗ ನಿಜವಾದ ಓದುಗರಿಗೆ ಪುಟ ಸಿಗುವುದಿಲ್ಲ. ಇಷ್ಟೆಲ್ಲ ಆಗಿ ಆ ಮುನ್ನೂರರಲ್ಲಿ ನೂರು ಸಲ ಬರುವುದು ಅದೇ ಪಟ್ಟಿ.

ಬದಲಿಗೆ ಹೀಗೆ ಮಾಡಿ. ಪಟ್ಟಿ ಕಟ್ಟುವ ಸ್ಕ್ರಿಪ್ಟ್ ಅನ್ನು ಸಿಜಿಐ-ಬಿನ್‌ನಿಂದ ತೆಗೆದು ಜಾಲತಾಣದ ಫೋಲ್ಡರ್‌ನ ಹೊರಗಿಡಿ. ಕಂಟೆಂಟ್-ಟೈಪ್ ಸಾಲನ್ನು ಅದರಿಂದ ಅಳಿಸಿ, ಇನ್ನು ಅದು ಬ್ರೌಸರ್ ಜೊತೆ ಮಾತನಾಡುವುದಿಲ್ಲ. ಹೋಸ್ಟಿಂಗ್ ಫಲಕದ ಕ್ರಾನ್ ವಿಭಾಗದಲ್ಲಿ ಗಂಟೆಗೊಮ್ಮೆ ಅದು ಓಡುವಂತೆ ಗೊತ್ತುಮಾಡಿ. ಓಡಿದಾಗ ಅದು ಪಟ್ಟಿಯನ್ನು ಎಚ್‌ಟಿಎಂಎಲ್ ತುಣುಕಾಗಿ ಒಂದು ಫೈಲ್‌ಗೆ ಬರೆಯಲಿ. ಪುಟದಲ್ಲಿರುವ ಸಾಲು ಇಷ್ಟೇ ಆಗುತ್ತದೆ:

<!--#ಇನ್‌ಕ್ಲೂಡ್ ವರ್ಚುಯಲ್="/ತುಣುಕು/ಪಟ್ಟಿ.ಟಿಎಕ್ಸ್‌ಟಿ" -->

ಫೈಲ್ ಬರೆಯುವಾಗ ಒಂದು ಸೂಕ್ಷ್ಮವಿದೆ. ಸ್ಕ್ರಿಪ್ಟ್ ನೇರವಾಗಿ ಪಟ್ಟಿ.ಟಿಎಕ್ಸ್‌ಟಿಗೇ ಬರೆಯತೊಡಗಿದರೆ, ಬರೆಯಲೆಂದು ತೆರೆದ ಕ್ಷಣವೇ ಹಳೆಯ ಪಟ್ಟಿ ಅಳಿಯುತ್ತದೆ. ಬರೆದು ಮುಗಿಯುವ ಮೊದಲು ಬಂದ ಓದುಗರಿಗೆ ಅರ್ಧ ಪಟ್ಟಿ ಕಾಣುತ್ತದೆ, ಮುಚ್ಚದ ಟ್ಯಾಗ್‌ಗಳಿಂದ ಇಡೀ ಪುಟದ ವಿನ್ಯಾಸವೂ ಕೆಡಬಹುದು. ನಡುವೆ ಸ್ಕ್ರಿಪ್ಟ್ ಸತ್ತರೆ ಮುಂದಿನ ಗಂಟೆಯವರೆಗೆ ಅದೇ ಗತಿ. ಆದ್ದರಿಂದ ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿನ ಫೈಲ್‌ಗೆ ಪೂರ್ತಿ ಬರೆದು, ಮುಚ್ಚಿ, ಎಲ್ಲ ಸರಿಯಾಗಿದ್ದರೆ ಮಾತ್ರ ಕೊನೆಗೆ ಪರ್ಲ್‌ನ ರೀನೇಮ್‌ನಿಂದ ಅದಕ್ಕೆ ನಿಜವಾದ ಹೆಸರು ಕೊಡಿ. ಒಂದೇ ಫೈಲ್ ವ್ಯವಸ್ಥೆಯೊಳಗೆ ಹೆಸರು ಬದಲಾವಣೆ ಅವಿಭಾಜ್ಯ ಕ್ರಿಯೆ. ಓದುಗರಿಗೆ ಹಳೆಯ ಪಟ್ಟಿ ಸಿಗುತ್ತದೆ, ಇಲ್ಲವೇ ಹೊಸದು ಸಿಗುತ್ತದೆ, ಎರಡರ ನಡುವಿನದು ಸಿಗುವುದಿಲ್ಲ. ಸಿಎಸ್‌ವಿ ಕೆಟ್ಟಿದ್ದ ದಿನ ಹಳೆಯ ಪಟ್ಟಿಯೇ ಉಳಿಯುತ್ತದೆ. ವಾಚನಾಲಯದ ಪುಟದಲ್ಲಿ ದೋಷ ಸಂದೇಶಕ್ಕಿಂತ ನಿನ್ನೆಯ ಪಟ್ಟಿ ಎಷ್ಟೋ ವಾಸಿ.

ತುಣುಕಿಗೆ ಟಿಎಕ್ಸ್‌ಟಿ ಬಾಲ ಯಾಕೆ? ಇದು ನಿಮ್ಮ ತಾಣದ ಭದ್ರತೆಯ ಪ್ರಶ್ನೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊರಗಿನವರು ಬರೆದ ಪಠ್ಯ, ಸರ್ವರ್ ಆಜ್ಞೆಗಳಿಗಾಗಿ ಓದುವ ಫೈಲ್‌ನೊಳಗೆ ಸೇರಿದರೆ ಹೊರಗಿನವರೇ ನಿಮ್ಮ ಸರ್ವರ್‌ಗೆ ಆಜ್ಞೆ ಕೊಟ್ಟಂತಾಗುತ್ತದೆ. ಒಂದು ಕಾಲದಲ್ಲಿ ಎಲ್ಲ ತಾಣಗಳಲ್ಲೂ ಇದ್ದ ಅತಿಥಿ ಪುಸ್ತಕಗಳು ಇದಕ್ಕೆ ಬಲಿಯಾದವು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-1999-1053 ಎಂಬ ಸಂಖ್ಯೆಯಲ್ಲಿ ದಾಖಲಾಗಿರುವ ದೋಷ ಇದಕ್ಕೆ ನಿಖರ ಉದಾಹರಣೆ. ಬಹಳ ಬಳಕೆಯಲ್ಲಿದ್ದ ಒಂದು ಪರ್ಲ್ ಅತಿಥಿ ಪುಸ್ತಕ, ಅತಿಥಿಗಳು ಬರೆದದ್ದರಲ್ಲಿ ಟಿಪ್ಪಣಿಯ ಆರಂಭ ಚಿಹ್ನೆಯಿಂದ ಮುಕ್ತಾಯ ಚಿಹ್ನೆಯವರೆಗಿನ ಭಾಗವನ್ನು ಕಿತ್ತುಹಾಕುತ್ತಿತ್ತು. ಆಜ್ಞೆಗಳೆಲ್ಲ ಹೋದವು ಎಂದು ಅದರ ಲೆಕ್ಕ. ಆದರೆ ಅಂದಿನ ಅಪಾಚೆ 1.3.9, ಸರಿಯಾದ ಮುಕ್ತಾಯ ಚಿಹ್ನೆ ಇಲ್ಲದ ಬೇರೆ ರೂಪಗಳನ್ನೂ ಆಜ್ಞೆಯ ಕೊನೆಯೆಂದು ಒಪ್ಪುತ್ತಿತ್ತು. ಸ್ಕ್ರಿಪ್ಟ್‌ಗೆ ಮುಕ್ತಾಯ ಸಿಗದ ಕಾರಣ ಅದು ಏನನ್ನೂ ಕೀಳಲಿಲ್ಲ, ಸರ್ವರ್ ಮಾತ್ರ ಆಜ್ಞೆಯನ್ನು ನಡೆಸಿತು. ಕೆಟ್ಟದ್ದನ್ನು ಹುಡುಕಿ ತೆಗೆಯುವ ದಾರಿ ಎಲ್ಲಿ ಸೋಲುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಎರಡು ಪ್ರೋಗ್ರಾಂಗಳು ಒಂದೇ ಪಠ್ಯವನ್ನು ಬೇರೆ ಬೇರೆಯಾಗಿ ಓದುವಲ್ಲಿ.

ನಿಮಗೆ ಬೇಕಾದದ್ದು ಎರಡು ರಕ್ಷಣೆ. ಒಂದು, ಸಿಎಸ್‌ವಿಯಿಂದ ಬರುವ ಪ್ರತಿ ಹೆಸರಿನಲ್ಲೂ ಆಂಪರ್‌ಸ್ಯಾಂಡ್, ಕಿರಿದು-ಹಿರಿದು ಚಿಹ್ನೆಗಳು, ಉದ್ಧರಣ ಚಿಹ್ನೆಗಳು ಎಚ್‌ಟಿಎಂಎಲ್ ಸಂಕೇತಗಳಾಗಿ ಬದಲಾಗಬೇಕು. ಆಂಪರ್‌ಸ್ಯಾಂಡ್ ಅನ್ನು ಮೊದಲು ಬದಲಿಸಿ, ಇಲ್ಲವಾದರೆ ಉಳಿದವುಗಳ ಸಂಕೇತದಲ್ಲಿರುವ ಆಂಪರ್‌ಸ್ಯಾಂಡ್ ಮತ್ತೆ ಬದಲಾಗಿ ಪುಟದಲ್ಲಿ ಕಸ ಕಾಣುತ್ತದೆ. ಇನ್ನೊಂದು, ತುಣುಕಿನ ಬಾಲ. ಸೇರಿಸಲಾದ ಫೈಲ್‌ನೊಳಗಿನ ಆಜ್ಞೆಗಳನ್ನು ಅಪಾಚೆ ನಡೆಸುವುದು ಆ ಫೈಲ್‌ನ ಬಾಲಕ್ಕೂ ಇನ್‌ಕ್ಲೂಡ್ಸ್ ಶೋಧಕ (ಫಿಲ್ಟರ್) ಅನ್ವಯಿಸಿದ್ದರೆ ಮಾತ್ರ. ನೀವು ಎಚ್‌ಟಿಎಂಎಲ್‌ಗೆ ಶೋಧಕ ಹಾಕಿದ್ದೀರಿ, ಟಿಎಕ್ಸ್‌ಟಿಗೆ ಹಾಕಿಲ್ಲ. ಹಾಗಾಗಿ ಮೊದಲ ರಕ್ಷಣೆಯನ್ನು ದಾಟಿ ಒಂದು ಆಜ್ಞೆ ತುಣುಕಿನೊಳಗೆ ಬಂದರೂ ಅದು ಸತ್ತ ಟಿಪ್ಪಣಿಯಾಗಿ ಬಿದ್ದಿರುತ್ತದೆ. ಅಪಾಚೆ 2ರಲ್ಲಿ ಸಿಜಿಐ ಹೊರಹಾಕಿದ ಪಠ್ಯವನ್ನೂ ಈ ಶೋಧಕದ ಮೂಲಕ ಹಾಯಿಸಲು ಬರುತ್ತದೆ, ಹಾಗೆ ಮಾಡುವಂತೆ ಯಾರಾದರೂ ಹೇಳಿದರೆ ಒಪ್ಪಬೇಡಿ.

ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ಗೂ ಇದೇ ಎಚ್ಚರಿಕೆ. ಸ್ಕ್ರಿಪ್ಟ್ ಟ್ಯಾಗ್ ಇರುವ ತುಣುಕನ್ನು ಎಲ್ಲ ಪುಟಗಳಿಗೂ ಸೇರಿಸಲು ಇನ್‌ಕ್ಲೂಡ್ ಒಳ್ಳೆಯ ಸಾಧನ, ಸರ್ವರ್‌ಗೆ ಅದೂ ಬರೀ ಪಠ್ಯವೇ. ಆದರೆ ವಿಳಾಸದಲ್ಲಿ ಓದುಗರು ಬರೆದದ್ದನ್ನು ಎಕೋ (ಚರದ ಬೆಲೆಯನ್ನು ಪುಟದಲ್ಲಿ ಮುದ್ರಿಸುವ) ಆಜ್ಞೆಯಿಂದ ಸ್ಕ್ರಿಪ್ಟ್ ಟ್ಯಾಗ್‌ನೊಳಗೆ ಇಳಿಸಬೇಡಿ. ಎಕೋ ತಾನಾಗಿಯೇ ಮಾಡುವ ಸಂಕೇತೀಕರಣ ಎಚ್‌ಟಿಎಂಎಲ್ ಪಠ್ಯಕ್ಕೆ ತಕ್ಕದ್ದು, ಜಾವಾಸ್ಕ್ರಿಪ್ಟ್‌ನ ಒಳಗೆ ಅದು ಕಾಪಾಡುವುದಿಲ್ಲ.

ಇನ್ನು ದಿನಾಂಕ. ಇದಕ್ಕೆ ಸ್ಕ್ರಿಪ್ಟ್ ಬೇಡ, ಸರ್ವರ್ ಸೈಡ್ ಇನ್‌ಕ್ಲೂಡ್‌ನಲ್ಲೇ ಡೇಟ್_ಲೋಕಲ್ ಎಂಬ ಚರವಿದೆ. ಕಾನ್ಫಿಗ್ ಆಜ್ಞೆಯ ಟೈಮ್‌ಎಫ್‌ಎಂಟಿಗೆ %ಡಿ-%ಎಂ-%ವೈ ಎಂದು ಕೊಟ್ಟು ಎಕೋ ಮಾಡಿದರೆ ದಿನ-ತಿಂಗಳು-ವರ್ಷ ಅಂಕಿಗಳಲ್ಲಿ ಬರುತ್ತದೆ. ವೈ ಮಾತ್ರ ದೊಡ್ಡಕ್ಷರ. ಚಿಕ್ಕಕ್ಷರವಾದರೆ ವರ್ಷದ ಕೊನೆಯ ಎರಡಂಕಿಯಷ್ಟೇ ಸಿಗುತ್ತದೆ. ವಾರದ ಹೆಸರನ್ನು ಕೇಳಿದರೆ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಬರುತ್ತದೆ. ಕನ್ನಡದಲ್ಲಿ ಬೇಕಾದರೆ ಹೆಸರನ್ನು ಕೇಳದೆ ವಾರದ ಸಂಖ್ಯೆಯನ್ನು ಕೇಳಿ, ಹೆಸರನ್ನು ನೀವೇ ಬರೆಯಬೇಕು. %ಡಬ್ಲ್ಯು ಎಂದರೆ ಭಾನುವಾರಕ್ಕೆ 0, ಸೋಮವಾರಕ್ಕೆ 1, ಹೀಗೆ ಶನಿವಾರಕ್ಕೆ 6:

<!--#ಕಾನ್ಫಿಗ್ ಟೈಮ್‌ಎಫ್‌ಎಂಟಿ="%ಡಬ್ಲ್ಯು" -->
<!--#ಸೆಟ್ ವಾರ್="ವಾರ" ವ್ಯಾಲ್ಯೂ="$ಡೇಟ್_ಲೋಕಲ್" -->
<!--#ಇಫ್ ಎಕ್ಸ್‌ಪಿಆರ್='ವಿ("ವಾರ") = "0"' -->ಭಾನುವಾರ
<!--#ಎಲಿಫ್ ಎಕ್ಸ್‌ಪಿಆರ್='ವಿ("ವಾರ") = "1"' -->ಸೋಮವಾರ
<!--#ಎಂಡಿಫ್ -->

ನಡುವಿನ ಐದು ಸಾಲುಗಳನ್ನು ನೀವು ತುಂಬಿಕೊಳ್ಳುತ್ತೀರಿ. ಆವರಣದೊಳಗೆ ಚರದ ಹೆಸರು ಕೊಡುವ ಈ ರೂಪ ಅಪಾಚೆ 2.4ರದ್ದು. ಹಳೆಯ ಲೇಖನಗಳಲ್ಲಿ ಡಾಲರ್ ಚಿಹ್ನೆ ಬಳಸಿದ ಬೇರೆ ರೂಪ ಕಾಣುತ್ತದೆ, ಅದನ್ನು ನಕಲು ಮಾಡಿದರೆ ಮತ್ತೆ ಚೌಕ ಆವರಣದ ಸಂದೇಶವೇ ಬರುತ್ತದೆ. ಇಷ್ಟೂ ಸಾಲುಗಳನ್ನು ನೂರು ಪುಟಗಳಲ್ಲಿ ಬರೆಯಬೇಡಿ. ಒಂದೇ ಫೈಲ್‌ನಲ್ಲಿಟ್ಟು ಅದನ್ನು ಇನ್‌ಕ್ಲೂಡ್ ಮಾಡಿ. ಈ ಒಂದು ತುಣುಕನ್ನು ಮಾತ್ರ ಸರ್ವರ್ ಓದಿ ನಡೆಸಬೇಕು, ಆದ್ದರಿಂದ ಇದರ ಬಾಲ ಎಚ್‌ಟಿಎಂಎಲ್ ಇರಲಿ. ಇದನ್ನು ಬರೆಯುವವರು ನೀವೊಬ್ಬರೇ ಆದ್ದರಿಂದ ಅಪಾಯವಿಲ್ಲ.

ಆದರೆ ನಿಮ್ಮ ಸರ್ವರ್ ಎಲ್ಲಿದೆ? ಡೇಟ್_ಲೋಕಲ್‌ನಲ್ಲಿ ಲೋಕಲ್ ಎಂದರೆ ಸರ್ವರ್ ಪಾಲಿನ ಸ್ಥಳೀಯ ಸಮಯ. ಎಷ್ಟೋ ಸರ್ವರ್‌ಗಳ ಗಡಿಯಾರವನ್ನು ಯುಟಿಸಿ ಎಂಬ ಜಾಗತಿಕ ಮಾನಕ ಸಮಯದಲ್ಲಿ ಇಟ್ಟಿರುತ್ತಾರೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂಥ ಸರ್ವರ್‌ನಲ್ಲಿ ನಡುರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ನಿಮ್ಮ ಪುಟ ನಿನ್ನೆಯ ದಿನಾಂಕ, ನಿನ್ನೆಯ ವಾರ ತೋರಿಸುತ್ತದೆ. ಹಗಲಲ್ಲಿ ಪರೀಕ್ಷಿಸಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಹಂಚಿಕೊಂಡ ಹೋಸ್ಟಿಂಗ್‌ನಲ್ಲಿ ಸರ್ವರ್‌ನ ಗಡಿಯಾರ ನಿಮ್ಮ ಕೈಯಲ್ಲಿಲ್ಲ. ಮೇಲಿನ ಸಾಲುಗಳಿಂದ ಗಂಟೆ-ನಿಮಿಷವನ್ನೂ ಒಮ್ಮೆ ಮುದ್ರಿಸಿ ನಿಮ್ಮ ಕೈಗಡಿಯಾರದ ಜೊತೆ ಹೋಲಿಸಿ. ಹೊಂದಿದರೆ ಹಾಗೆಯೇ ಇರಲಿ. ಹೊಂದದಿದ್ದರೆ ಮತ್ತೆ ಕ್ರಾನ್‌ನ ದಾರಿಯೇ ಸರಿ: ಸಮಯ ವಲಯವನ್ನು ಏಷ್ಯಾ/ಕೋಲ್ಕತ್ತಾ ಎಂದು ತಾನೇ ಗೊತ್ತುಪಡಿಸಿಕೊಳ್ಳುವ ಪುಟ್ಟ ಸ್ಕ್ರಿಪ್ಟ್ ಒಂದು ದಿನಾಂಕದ ತುಣುಕನ್ನು ಬರೆಯಲಿ. ಯುಟಿಸಿ ಸರ್ವರ್ ಆದರೆ ಅದನ್ನು 18:30ಕ್ಕೆ ಓಡಿಸಿ, ನಮ್ಮಲ್ಲಿ ಆಗ ಸರಿಯಾಗಿ ನಡುರಾತ್ರಿ. ಆಗ ತಿಂಗಳ ಹೆಸರನ್ನೂ ಕನ್ನಡದಲ್ಲೇ ಬರೆಯಬಹುದು.

ಕನ್ನಡ ಅಕ್ಷರಗಳ ವಿಷಯಕ್ಕೆ ಬಂದರೆ, ಎಲ್ಲ ಪುಟ, ಎಲ್ಲ ತುಣುಕು, ಸಿಎಸ್‌ವಿ ಎಲ್ಲವೂ ಯುಟಿಎಫ್-8 ಎಂಬ ಅಕ್ಷರ ಸಂಕೇತೀಕರಣದಲ್ಲೇ ಇರಲಿ. ತುಣುಕಿನ ಸಂಕೇತೀಕರಣ ಯಾವುದು ಎಂದು ಬ್ರೌಸರ್‌ಗೆ ಪ್ರತ್ಯೇಕವಾಗಿ ಹೇಳಲು ದಾರಿಯಿಲ್ಲ, ಹೊರಗಿನ ಪುಟದ್ದೇ ಎಲ್ಲಕ್ಕೂ ಅನ್ವಯಿಸುತ್ತದೆ. ವಿಂಡೋಸ್‌ನ ಹಳೆಯ ನೋಟ್‌ಪ್ಯಾಡ್‌ಗಳು ಯುಟಿಎಫ್-8 ಎಂದು ಉಳಿಸುವಾಗ ಫೈಲ್‌ನ ಆರಂಭಕ್ಕೆ ಮೂರು ಬೈಟ್‌ಗಳ ಗುರುತೊಂದನ್ನು ಸೇರಿಸುತ್ತಿದ್ದವು. ಪುಟದ ಮೊದಲಲ್ಲಿ ಅದು ತೊಂದರೆ ಕೊಡದು, ಆದರೆ ತುಣುಕಿನ ಮೊದಲಲ್ಲಿದ್ದರೆ ಪುಟದ ನಡುವೆ ಬಂದು ಕಾರಣವೇ ತಿಳಿಯದ ಒಂದು ಖಾಲಿ ಸಾಲಾಗಿ ಕಾಣಬಹುದು. ಪರ್ಲ್ ಸ್ಕ್ರಿಪ್ಟ್‌ನ ಮೊದಲಲ್ಲಿದ್ದರೆ ಸ್ಕ್ರಿಪ್ಟ್ ಓಡುವುದೇ ಇಲ್ಲ. ಗುರುತು ಇಲ್ಲದ ಯುಟಿಎಫ್-8 ಎಂಬ ಆಯ್ಕೆಯಲ್ಲಿ ಉಳಿಸಿ. ಉದ್ದವಾದ ಪುಸ್ತಕದ ಹೆಸರುಗಳನ್ನು ಪರ್ಲ್‌ನಲ್ಲಿ ಇಂತಿಷ್ಟಕ್ಕೆ ಎಂದು ಕತ್ತರಿಸಲೂ ಹೋಗಬೇಡಿ. ಕನ್ನಡದ ಒಂದು 'ಕ' ಮೂರು ಬೈಟ್, ಅದಕ್ಕೆ ಒತ್ತು, ಗುಣಿತ ಸೇರಿದರೆ ಇನ್ನೂ ಹೆಚ್ಚು. ಬೈಟ್ ಲೆಕ್ಕದಲ್ಲಿ ಕತ್ತರಿ ಹಾಕಿದರೆ ಕೊನೆಯ ಅಕ್ಷರ ಒಡೆದು ಪ್ರಶ್ನೆ ಚಿಹ್ನೆಯಾಗುತ್ತದೆ. ಉದ್ದವನ್ನು ಮಿತಗೊಳಿಸುವ ಕೆಲಸವನ್ನು ಪುಟದ ವಿನ್ಯಾಸ ನೋಡಿಕೊಳ್ಳುವ ಸಿಎಸ್‌ಎಸ್‌ಗೆ ಬಿಡಿ.

ಭೇಟಿಗಳ ಎಣಿಕೆಯ ಬಗ್ಗೆ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ: ಪುಟ ತೆರೆದಾಗಲೆಲ್ಲ ಏರುವ ಸಂಖ್ಯೆಯಿಂದ ವಾಚನಾಲಯಕ್ಕೆ ಏನೂ ತಿಳಿಯುವುದಿಲ್ಲ. ಅದರಲ್ಲಿ ಹುಡುಕಾಟ ಯಂತ್ರಗಳ ಭೇಟಿಗಳೂ ಸೇರಿರುತ್ತವೆ. ಸಮಿತಿಯವರಿಗೆ ಬೇಕೇ ಬೇಕು ಎಂದಾದರೆ ಸರ್ವರ್‌ನ ಅಕ್ಸೆಸ್ ಲಾಗ್‌ನಿಂದ ರಾತ್ರಿಗೊಮ್ಮೆ ಲೆಕ್ಕ ಹಾಕಿ, ಯಂತ್ರಗಳ ಸಾಲುಗಳನ್ನು ಬಿಟ್ಟು, ತುಣುಕು ಬರೆಯಿರಿ. ಅದು ಹೆಚ್ಚು ಸತ್ಯವಾದ ಸಂಖ್ಯೆ. ಅದೂ ಬೇಡ, ಆ ಕ್ಷಣದ್ದೇ ಬೇಕು ಎಂದರೆ ಮಾತ್ರ ಸಿಜಿಐ ಉಳಿಸಿಕೊಳ್ಳಿ, ಆದರೆ ಬೀಗ ಹಾಕದೆ ಬರೆಯಬೇಡಿ. ಇಬ್ಬರು ಒಂದೇ ಕ್ಷಣ ಬಂದರೆ ಎರಡು ಪ್ರಕ್ರಿಯೆಗಳೂ 500 ಎಂದು ಓದಿ ಎರಡೂ 501 ಎಂದು ಬರೆಯುತ್ತವೆ. ಪರ್ಲ್‌ನ ಫ್ಲಾಕ್ ಇದಕ್ಕಿರುವ ಬೀಗ. ಬೀಗ ಹಾಕುವವರೂ ಒಂದು ಕಡೆ ಎಡವುತ್ತಾರೆ: ಫೈಲ್ ಅನ್ನು ಬರೆಯಲೆಂದು ತೆರೆದು ಆಮೇಲೆ ಬೀಗ ಕೇಳುತ್ತಾರೆ. ತೆರೆದಾಗಲೇ ಫೈಲ್ ಖಾಲಿಯಾಗಿರುತ್ತದೆ, ಎಣಿಕೆ ಒಮ್ಮೆಗೇ ಒಂದಕ್ಕೆ ಇಳಿಯುವುದು ಹೀಗೆ. ಓದಲೂ ಬರೆಯಲೂ ಆಗುವ, ಅಳಿಸದ ವಿಧಾನದಲ್ಲಿ ತೆರೆದು, ಬೀಗ ಪಡೆದು, ಓದಿ, ಆರಂಭಕ್ಕೆ ಮರಳಿ, ಬರೆದು ಮುಚ್ಚಬೇಕು.

ಒಂದು ಅಡ್ಡಪರಿಣಾಮ ನಿಮ್ಮ ಗಮನದಲ್ಲಿರಲಿ. ಹೀಗೆ ಕಟ್ಟಿದ ಪುಟಗಳ ಜೊತೆ ಅಪಾಚೆ ಕೊನೆಯ ಬದಲಾವಣೆಯ ಸಮಯವನ್ನು ಕಳಿಸುವುದಿಲ್ಲ, ಆದ್ದರಿಂದ ಬ್ರೌಸರ್ ಪ್ರತಿ ಸಲವೂ ಪುಟವನ್ನು ಪೂರ್ತಿಯಾಗಿ ತರಿಸಿಕೊಳ್ಳುತ್ತದೆ. ಇದಕ್ಕೆ ಪರಿಹಾರವೆಂದು ಎಕ್ಸ್‌ಬಿಟ್‌ಹ್ಯಾಕ್ ಫುಲ್ ಎಂಬ ಆಯ್ಕೆಯನ್ನು ಸೂಚಿಸುವವರಿದ್ದಾರೆ. ಅದನ್ನು ಹಾಕಿ ಪುಟಕ್ಕೆ ಗುಂಪಿನ ಓಡುವ ಅನುಮತಿ ಕೊಟ್ಟರೆ ಸರ್ವರ್ ಹೊರಗಿನ ಫೈಲ್‌ನ ದಿನಾಂಕವನ್ನು ಕಳಿಸುತ್ತದೆ. ಒಳಗಿನ ತುಣುಕು ಬದಲಾದದ್ದು ಅದಕ್ಕೆ ಲೆಕ್ಕಕ್ಕಿಲ್ಲ. ಒಮ್ಮೆ ಬಂದು ಹೋದ ಓದುಗರಿಗೆ ಹಳೆಯ ಪಟ್ಟಿ, ಹಳೆಯ ವಾರವೇ ಕಾಣುತ್ತಿರುತ್ತದೆ. ನಿಮ್ಮ ಪುಟಗಳು ಪಠ್ಯವೇ ಹೆಚ್ಚಿರುವ ಸಣ್ಣ ಪುಟಗಳು. ಪ್ರತಿ ಸಲ ಬಂದರೂ ಭಾರವಿಲ್ಲ, ಈ ಆಯ್ಕೆಯ ಗೊಡವೆ ಬೇಡ.

ಪಿಎಚ್‌ಪಿಯ ಪ್ರಶ್ನೆಗೆ: ಅದು ನಿಮ್ಮಲ್ಲಿದ್ದರೆ ಪರ್ಲ್ ಬದಲು ಅದರಲ್ಲೇ ತುಣುಕು ಬರೆಸಬಹುದು, ಇನ್‌ಕ್ಲೂಡ್ ವರ್ಚುಯಲ್‌ನಲ್ಲಿ ಪಿಎಚ್‌ಪಿ ಪುಟದ ವಿಳಾಸವನ್ನೂ ಕೊಡಬಹುದು. ಓದುಗರು ಪುಸ್ತಕ ಹುಡುಕಲು, ಕಾಯ್ದಿರಿಸಲು, ತಮ್ಮ ಖಾತೆಗೆ ಪ್ರವೇಶಿಸಲು ಬೇಕು ಎಂಬ ದಿನ ಬಂದರೆ ಆ ಭಾಗಕ್ಕೆ ಪಿಎಚ್‌ಪಿ ಮತ್ತು ಡೇಟಾಬೇಸ್ ಸರಿಯಾದ ಆಯ್ಕೆ. ಆಗಲೂ ಉಳಿದ ಪುಟಗಳನ್ನು ಮುಟ್ಟಬೇಕಾಗಿಲ್ಲ. ವರ್ಡ್‌ಪ್ರೆಸ್ ಬೇಕಾಗುವುದು ಹಲವರು ಕೂತು ಬರೆಯುವ ತಾಣಕ್ಕೆ. ಒಬ್ಬರೇ ಬಿಡುವಿನಲ್ಲಿ ನೋಡಿಕೊಳ್ಳುವ ನೂರು ಪುಟಗಳಿಗೆ ಅದರ ಮೂಲ ತಂತ್ರಾಂಶ, ಪ್ಲಗಿನ್‌ಗಳ ನವೀಕರಣವೇ ಒಂದು ಕೆಲಸವಾಗುತ್ತದೆ, ಒಂದು ತಿಂಗಳು ಮರೆತರೂ ಅಪಾಯ. ಒಂದು ಪಟ್ಟಿ, ಒಂದು ದಿನಾಂಕಕ್ಕಾಗಿ ಆ ಹೊರೆ ಹೊರಬೇಡಿ.

ಮುಂದೊಂದು ದಿನ ಹೋಸ್ಟಿಂಗ್ ಬದಲಿಸಿ ಎಂಜಿನ್‌ಎಕ್ಸ್ ಸರ್ವರ್‌ಗೆ ಹೋಗಬೇಕಾದರೂ ಈ ವ್ಯವಸ್ಥೆ ನಿಮ್ಮ ಜೊತೆ ಬರುತ್ತದೆ. ಅದರಲ್ಲಿ ಎಕ್ಸೆಕ್ ಇಲ್ಲವೇ ಇಲ್ಲ, ಇನ್‌ಕ್ಲೂಡ್ ವರ್ಚುಯಲ್ ಇದೆ. ಸಂರಚನೆಯಲ್ಲಿ ಎಸ್‌ಎಸ್‌ಐ ಆನ್ ಎಂದು ಬರೆದರೆ ನಿಮ್ಮ ಪುಟಗಳ ಇನ್‌ಕ್ಲೂಡ್ ಸಾಲುಗಳು ಹಾಗೆಯೇ ನಡೆಯುತ್ತವೆ. ಇಫ್ ಆಜ್ಞೆಯ ಬರಹದ ರೀತಿ ಮಾತ್ರ ಅಲ್ಲಿ ಬೇರೆ. ವಾರದ ಹೆಸರಿನ ಆ ಒಂದು ಫೈಲ್ ಅನ್ನು ತಿದ್ದಿಕೊಳ್ಳಬೇಕಾಗುತ್ತದೆ. ದಿನಾಂಕವನ್ನೂ ಕ್ರಾನ್‌ನಿಂದಲೇ ಬರೆಸುತ್ತಿದ್ದರೆ ಅದೂ ಬೇಕಾಗದು.